ಸೆಂಟರ್ ಹಾಫ್ ಸುಮ್ಮನಾದ ಗಳಿಗೆ

ಗೊರಗುಂಟೆಪಾಳ್ಯದ ಮುನಿಆಂಜಿನಪ್ಪನಿಗೆ ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ತುಮಕೂರು ರಸ್ತೆಯ ಬೇರಿಂಗ್ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಅವನು ಸೆಂಟರ್ ಹಾಫ್. ಗೋಲ್‌ಕೀಪರಿನ ಮುಂದೆ ನಿಂತು, ನುಗ್ಗಿ ಬರುವವರನ್ನು ಅಡ್ಡಗಟ್ಟುವುದು ಅವನ ಕೆಲಸ. ಆ ಕೆಲಸವನ್ನು ಕಾಲಿನಿಂದ ಎಷ್ಟು ಮಾಡುತ್ತಿದ್ದನೋ ಬಾಯಿಂದಲೂ ಅಷ್ಟೇ ಮಾಡುತ್ತಿದ್ದ. "ಎಡಕ್ಕೋಗೋ", "ಇಂದೆ ನೋಡೋ", "ಆ ಉದ್ದದೋನ್ನ ಬಿಡಬ್ಯಾಡ" ಎಂದು ಮೊದಲ ಸೀಟಿಗೆ ಶುರುವಾದರೆ ಕೊನೆಯ ಸೀಟಿಯವರೆಗೂ ಅವನ ಬಾಯಿಗೆ ಬಿಡುವಿರಲಿಲ್ಲ. ಆ ಕಾರ್ಖಾನೆ ಎದ್ದಿದ್ದು ಅವರಪ್ಪನ ರಾಗಿ ಹೊಲದ ಮೇಲೆ. ಹೊಲ ಕೊಟ್ಟ ಮನೆಗೊಂದು ಕೆಲಸ ಎಂದು ಮಗನನ್ನು ಸೇರಿಸಿಕೊಂಡಿದ್ದರು. ಅಪ್ಪ ಕಳೆ ಕಿತ್ತ ಜಾಗದಲ್ಲೇ ಈಗ ಗೋಲಿನ ಕಂಬ ನಿಂತಿದ್ದರಿಂದ, ಇದು ತನ್ನ ಮನೆಯ ಜಾಗ, ಇಲ್ಲಿ ತಾನು ಕೂಗಬಹುದು ಎಂಬ ಒಂದು ಸಲಿಗೆ ಅವನಿಗೆ ಮೊದಲಿನಿಂದಲೂ ಇತ್ತು.

ಅವನ ಬೆನ್ನ ಹಿಂದೆ ಗೋಲಿನಲ್ಲಿ ನಿಲ್ಲುತ್ತಿದ್ದವನು ಮತ್ತಿಕೆರೆಯ ಖುದ್ದೂಸ್. ಇಬ್ಬರೂ ಒಂದೇ ಸಲಕ್ಕೆ ಕೆಲಸಕ್ಕೆ ಸೇರಿದವರು, ಒಂದೇ ಬುತ್ತಿಯಲ್ಲಿ ಕೈ ಹಾಕಿದವರು. ಖುದ್ದೂಸ್ ಮಾತಿನಲ್ಲಿ ಜಿಪುಣ. "ಇವ್ನು ನನ್ನ ಪಾಲಿಂದೂ ಸೇರಿಸಿ ಆಡ್ತಾನೆ, ನಾನ್ಯಾಕೆ ಬಾಯಿ ನೋಯಿಸ್ಕೊಳ್ಲಿ" ಎನ್ನುತ್ತಿದ್ದ. ಆದರೆ ಈ ಜಿಪುಣ ಒಂದು ಗುಟ್ಟನ್ನು ಕಂಡುಕೊಂಡಿದ್ದ. ಆಟದ ನಡುವೆ ಮುನಿಆಂಜಿನಪ್ಪನ ಬಾಯಿ ಕಟ್ಟುತ್ತಿದ್ದುದು ಒಂದೇ ಒಂದು ಸಂದರ್ಭದಲ್ಲಿ. ಎದುರಾಳಿ ಕೈತಪ್ಪಿ ಹೋದ, ಇನ್ನು ಕೂಗಿದರೂ ಓಡಿದರೂ ತನ್ನಿಂದ ಏನೂ ಆಗದು ಎಂದು ಗೊತ್ತಾದ ಗಳಿಗೆಯಲ್ಲಿ. ಆ ದನಿ ನಿಂತದ್ದೇ ತಡ, ಖುದ್ದೂಸ್ ತನ್ನ ಗೋಲಿನ ಗೆರೆ ಬಿಟ್ಟು ಮುಂದಕ್ಕೆ ನುಗ್ಗಿ ಎದುರಾಳಿಯ ಕಾಲಿಗೇ ಬೀಳುತ್ತಿದ್ದ. ಇವನಿಗೆ ಮೊದಲೇ ಹೇಗೆ ತಿಳಿಯುತ್ತದೆ ಎಂದು ನೋಡಿದವರು ಬೆರಗಾಗುತ್ತಿದ್ದರು. ಗುಟ್ಟನ್ನು ಖುದ್ದೂಸ್ ಯಾರಿಗೂ ಬಿಟ್ಟುಕೊಡಲಿಲ್ಲ, ಮುನಿಆಂಜಿನಪ್ಪನಿಗಂತೂ ಮೊದಲೇ ಇಲ್ಲ. ಹೇಳಿದರೆ ಈ ಪುಣ್ಯಾತ್ಮ ಆ ಹೊತ್ತಿನಲ್ಲೂ ಮಾತಾಡುವುದನ್ನು ಕಲಿತುಬಿಟ್ಟಾನು ಎಂಬ ಭಯ ಅವನಿಗೆ.

ಎಪ್ಪತ್ತೊಂದನೇ ಇಸವಿಯಲ್ಲಿ ಮುನಿಆಂಜಿನಪ್ಪನ ಮಂಡಿ ಹೋಯಿತು. ಯಾರೂ ಒದೆಯಲಿಲ್ಲ, ಬೀಳಿಸಲಿಲ್ಲ. ಒಣಗಿದ ನೆಲದ ಮೇಲೆ ಸುಮ್ಮನೆ ತಿರುಗಿದ, ಒಳಗೇನೋ ಪಟ್ ಎಂದಿತು, ಅಷ್ಟೇ. ಆಮೇಲೆ ಅದೇ ತಂಡಕ್ಕೆ ಕೋಚ್ ಆದ. ಗೆರೆಯ ಹೊರಗೆ ಕುಂಟುತ್ತ ಓಡಾಡಿಕೊಂಡು ಮೊದಲಿಗಿಂತ ಜೋರಾಗಿ ಕೂಗುತ್ತಿದ್ದ. ಬೈಗುಳ ಸ್ವಲ್ಪ ಜಾಸ್ತಿಯೇ. ಆದರೆ ಅವನ ಬೈಗುಳ ತಿಂದು ಬೆಳೆದ ಹುಡುಗರು ಲೀಗಿನಲ್ಲಿ ತಲೆ ಎತ್ತಿ ನಿಲ್ಲುವಂತಾದರು ಅನ್ನುವುದನ್ನು ಅವನನ್ನು ಕಂಡರಾಗದವರೂ ಒಪ್ಪಬೇಕು. ಕೆಲವು ವರ್ಷ ಕಳೆದ ಮೇಲೆ ಕಾರ್ಖಾನೆಗೆ ಹೊಸ ಅಧಿಕಾರಿ ಬಂದರು. ಕೋಚ್ ಅಂದರೆ ಡಿಪ್ಲೊಮಾ ಆದವರೇ ಆಗಬೇಕು ಎಂದರು. ಡಿಪ್ಲೊಮಾದವರು ಬಂದರು, ಮುನಿಆಂಜಿನಪ್ಪನನ್ನು ಸ್ಟೋರ್ಸ್ ವಿಭಾಗಕ್ಕೆ ಹಾಕಿದರು. ಅವನು ಜಗಳ ಆಡಲಿಲ್ಲ. ಸ್ಟೋರ್ಸಿನ ಕಿಟಕಿಯಿಂದ ಮೈದಾನ ಕಾಣುತ್ತಿತ್ತು; ಆ ಕಿಟಕಿಗೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡ.

ಅದೇ ಹೊತ್ತಿಗೆ ಖುದ್ದೂಸನ ಕಣ್ಣು ಹೋಗತೊಡಗಿದ್ದು. ಒಳಗಿನ ನರ ಬತ್ತುವ ಕಾಯಿಲೆ. ಮೊದಲು ಪಕ್ಕದಲ್ಲಿ ಬಂದ ಚೆಂಡು ಕಾಣದಾಯಿತು, ಆಮೇಲೆ ಎದುರಿಗೆ ಬಂದದ್ದು, ಕೊನೆಗೆ ಹೆಂಡತಿ ಅಕ್ಬರಿಯ ಮುಖ. ಮಿಂಟೋ ಕಣ್ಣಾಸ್ಪತ್ರೆಯ ಡಾಕ್ಟರು ಪಾಪ ಒಳ್ಳೆಯವರು, ಆಸೆ ಹುಟ್ಟಿಸುವ ಮಾತೊಂದನ್ನೂ ಆಡದೆ ಇದ್ದದ್ದನ್ನು ಹೇಳಿ ಕಳಿಸಿದರು. ಖುದ್ದೂಸ್ ಕೆಲಸ ಬಿಟ್ಟು ಮನೆಯ ಮುಂದಿನ ಕಟ್ಟೆ ಹಿಡಿದ. ಅಲ್ಲೇ ಬೆಳಗು, ಅಲ್ಲೇ ಸಂಜೆ. ಅಕ್ಬರಿ ಒಂದು ದಿನ ಮುನಿಆಂಜಿನಪ್ಪನ ಹೆಂಡತಿ ಮುನಿಕೃಷ್ಣಮ್ಮನ ಹತ್ತಿರ ಬಂದು, "ಅಕ್ಕಾ, ಅವ್ರು ಊಟ ಕೇಳೋದೂ ಬಿಟ್ಟವ್ರೆ" ಎಂದಳು. ಮುನಿಕೃಷ್ಣಮ್ಮ ಗಂಡನ ಕಡೆ ತಿರುಗಿ, "ನೀನೂ ಕುರ್ಚಿ ತಿರುಗಿಸ್ಕೊಂಡು ಕೂತಿದ್ದೀಯ, ಅವ್ರೂ ಕಟ್ಟೆ ಮ್ಯಾಲೆ ಕೂತವ್ರೆ. ಇಬ್ರೂ ಒಂದೇ ಕಡೆ ಕೂತ್ಕೊಳ್ರಿ, ನಮಗಾದ್ರೂ ಒಂದು ಮನೆ ಸಲೀಸಾಗತ್ತೆ" ಎಂದು ಮೂತಿಗೆ ತಿವಿದಳು.

ಆ ಭಾನುವಾರವೇ ಮುನಿಆಂಜಿನಪ್ಪ ಗೆಳೆಯನ ಕೈ ಹಿಡಿದು ಯಶವಂತಪುರದ ರೈಲ್ವೆ ಹಳಿಯ ಪಕ್ಕದ ಮೈದಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಯಾವುದೋ ಎರಡು ತಂಡಗಳ ಪಂದ್ಯ. ಮರದ ಮೆಟ್ಟಿಲ ಮೇಲೆ ಕೂತು ಖುದ್ದೂಸನ ಕಿವಿಯಲ್ಲಿ ಆಟ ಹೇಳತೊಡಗಿದ. "ಕೆಂಪಂಗಿ ಬಲಗಡೆಯಿಂದ ಬತ್ತಾವ್ನೆ. ದಡ್ಡ, ತಲೆ ಬಗ್ಗಿಸ್ಕೊಂಡು ಓಡ್ತಾನೆ. ನಿನ್ನ ಜಾಗದಲ್ಲಿರೋನು ಕುಳ್ಳ, ಕಂಬಕ್ಕೆ ಅಂಟ್ಕೊಂಡವ್ನೆ." ಖುದ್ದೂಸ್ ಮೊದಮೊದಲು ಹೂಂ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕಂಬ ಬಿಡು ಅನ್ನೋ ಅವ್ನಿಗೆ" ಎಂದ. ಮುನಿಆಂಜಿನಪ್ಪ ಇನ್ನಷ್ಟು ಹತ್ತಿರ ಸರಿದ. ಮಾತು ಮುಂದುವರಿಸಿದ.

ಅದೇ ರೂಢಿಯಾಯಿತು. ಅವನ ಪಿಸುಮಾತು ಪಿಸುಮಾತಾಗಿ ಉಳಿಯುವ ಜಾತಿಯದಲ್ಲವಾದ್ದರಿಂದ ಸುತ್ತ ಕೂತವರಿಗೂ ಕೇಳುತ್ತಿತ್ತು. ಕಣ್ಣಿದ್ದವರೂ ಅವನ ಹತ್ತಿರ ಸರಿದು ಕೂರತೊಡಗಿದರು. ಕೆಲವರು ಆಟ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಹಾಗೆ ಸರಿದು ಕೂತವರಲ್ಲಿ ಒಂದು ದಿನ ರೇಡಿಯೋದ ಮಹಾಲಿಂಗಪ್ಪ ಎನ್ನುವವರೂ ಇದ್ದರು. ಬಾಗಲಕೋಟೆ ಕಡೆಯವರು, ಆಟೋಟಗಳ ಕಾರ್ಯಕ್ರಮ ನೋಡಿಕೊಳ್ಳುವವರು, ದಪ್ಪ ಕನ್ನಡಕ. ಪಂದ್ಯ ಮುಗಿದ ಮೇಲೆ ಬಂದು, "ಇವರಿಗೆ ಹೇಳಿದಂಗ ಮೈಕಿಗೂ ಹೇಳ್ತೀರೇನ್ರಿ?" ಎಂದು ಕೇಳಿದರು.

ಸುಲಭಕ್ಕೇನೂ ಆಗಲಿಲ್ಲ. ಬೈಗುಳ ಬಿಡಬೇಕಿತ್ತು, ಹಕಾರ ಹಿಡಿಯಬೇಕಿತ್ತು. ಮುನಿಆಂಜಿನಪ್ಪ ಸ್ಟೋರ್ಸಿನ ಕಪಾಟುಗಳ ಮುಂದೆ ನಿಂತು 'ಹೆಬ್ಬಾಳ, ಹೊಡೆತ, ಹಿಮ್ಮಡಿ' ಎಂದು ಗಟ್ಟಿಯಾಗಿ ಅಭ್ಯಾಸ ಮಾಡುವಾಗ ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಲ್ಲಿ ಮುನಿಕೃಷ್ಣಮ್ಮ, "ನಿಮಗೆ ಹಾಲು ಹಾಕಲೇ, ಹುಳಿ ಹಾಕಲೇ" ಎಂದು ಹಕಾರ ಒತ್ತಿ ಒತ್ತಿ ಬಡಿಸಿದಳು. ಹಾಗೂ ಹೀಗೂ ಪರೀಕ್ಷೆ ಪಾಸಾಗಿ ಅವನ ಹೆಸರು ವೀಕ್ಷಕ ವಿವರಣೆ ಕೊಡುವವರ ಪಟ್ಟಿಗೆ ಸೇರಿತು. ಎಲ್ಲ ಪಂದ್ಯಕ್ಕೂ ಕರೆಯುತ್ತಿರಲಿಲ್ಲ, ದೊಡ್ಡವು ಬಂದಾಗ ದ್ವಿತೀಯಾರ್ಧಕ್ಕೆ ಕೂರಿಸುತ್ತಿದ್ದರು. ಮೈಕಿನ ಪಕ್ಕ ಖುದ್ದೂಸನನ್ನು ಕೂರಿಸಿಕೊಳ್ಳಲು ಬಿಡುವುದಿಲ್ಲವಲ್ಲ, ಅವನಿಗೊಂದು ಟ್ರಾನ್ಸಿಸ್ಟರ್ ತಂದುಕೊಟ್ಟ. ಖುದ್ದೂಸ್ ಮೈದಾನಕ್ಕೇ ಬಂದು, ಗೋಲಿನ ಹಿಂದಿನ ಹುಲ್ಲಿನ ಮೇಲೆ ಕೂತು, ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದ. ಬೇರೆಯವರ ವಿವರಣೆ ಬಂದರೆ ಆರಿಸಿ ಪಕ್ಕಕ್ಕಿಡುತ್ತಿದ್ದ. "ಇವ್ರು ಗೋಲಾಯ್ತು ಅಂತಾರೆ, ಹೆಂಗಾಯ್ತು ಅನ್ನಲ್ಲ" ಎನ್ನುವುದು ಅವನ ದೂರು. ಮುನಿಆಂಜಿನಪ್ಪ ಮೈಕಿನ ಮುಂದೆ ಕೂತು ಲೋಕಕ್ಕೆಲ್ಲ ಹೇಳುವಂತೆ ಕಂಡರೂ ಹೇಳುತ್ತಿದ್ದುದು ಆ ಒಬ್ಬನಿಗೆ. ಅವನ ವಿವರಣೆ ಚೆನ್ನಾಗಿದ್ದುದಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಆದರೆ ಕೋಚ್ ಆಗಿದ್ದವನ ನಾಲಿಗೆ ಎಷ್ಟು ದಿನ ಕಟ್ಟಿಹಾಕಿದಲ್ಲಿ ಇದ್ದೀತು. ಎಂಬತ್ತೆರಡರ ಲೀಗಿನಲ್ಲಿ ಅವನ ಹಳೆಯ ಬೇರಿಂಗ್ ಕಾರ್ಖಾನೆಯ ತಂಡ ಆಡುತ್ತಿತ್ತು. ಡಿಪ್ಲೊಮಾದವರು ಬೇರೆಲ್ಲಿಗೋ ಹೋಗಿ ಇನ್ನೊಬ್ಬರು ಬಂದಿದ್ದರು, ಆದರೆ ಆಟಗಾರರಲ್ಲಿ ಅರ್ಧ ಜನ ಮುನಿಆಂಜಿನಪ್ಪನ ಹುಡುಗರೇ. ಮೈಕಿನಲ್ಲಿ ಆಟ ಹೇಳುತ್ತ ಹೇಳುತ್ತ ಅವನಿಗೆ ಮೈಮರೆಯಿತು. "ಬಲಬದಿ ಪೂರ್ತಿ ಖಾಲಿ ಇದೆ ನೋಡಿ, ಒಬ್ಬರೂ ಅತ್ತ ಗಮನಿಸುತ್ತಿಲ್ಲ, ಅಲ್ಲಿಗೊಂದು ಉದ್ದ ಹೊಡೆತ ಕೊಡಬೇಕು" ಎಂದುಬಿಟ್ಟ. ಆಗೆಲ್ಲ ಮೈದಾನಕ್ಕೆ ಬರುವವರು ಆಟ ಕಣ್ಣೆದುರೇ ಇದ್ದರೂ ಟ್ರಾನ್ಸಿಸ್ಟರ್ ಹಿಡಿದೇ ಬರುತ್ತಿದ್ದರು. ಗೆರೆಯ ಸುತ್ತ ಕೂತ ಅಷ್ಟೂ ಟ್ರಾನ್ಸಿಸ್ಟರುಗಳಿಂದ ಅವನ ದನಿ ಒಟ್ಟಿಗೇ ಹೊರಬಂತು. ಗೆರೆ ಹತ್ತಿರ ಚೆಂಡಿಟ್ಟುಕೊಂಡಿದ್ದ ಬೇರಿಂಗ್ ತಂಡದ ಹುಡುಗ ಕೋಚ್ ಸಾಹೇಬರ ದನಿ ಕೇಳಿದ ಹಳೆಯ ಅಭ್ಯಾಸಕ್ಕೆ, ಹಿಂದೆ ಮುಂದೆ ನೋಡದೆ ಬಲಕ್ಕೆ ಎತ್ತಿ ಹೊಡೆದ. ಗೋಲಾಯಿತು.

ಸೋತ ಪೇಂಟ್ ಕಾರ್ಖಾನೆಯವರು ಸುಮ್ಮನಿರುತ್ತಾರೆಯೇ. ರೇಡಿಯೋದವರೇ ಕೋಚಿಂಗ್ ಕೊಡುತ್ತಾರೆಂದು ದೂರು ಹೋಯಿತು. ಮಹಾಲಿಂಗಪ್ಪ ಮುನಿಆಂಜಿನಪ್ಪನನ್ನು ಕರೆಸಿ ಚಹಾ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಕಾದು, ಆಮೇಲೆ ಮಾತೆತ್ತಿದರು. "ಆಗಿದ್ದನ್ನ ಹೇಳ್ರಿ. ಆಗಬೇಕಾದ್ದನ್ನ ಹೇಳಬ್ಯಾಡ್ರಿ. ಇನ್ನೊಂದ್ಸಲ ಇಂಥಾ ದೂರು ಬಂತಂದ್ರ ನಿಮ್ಮ ಹೆಸರು ತಗೀಬೇಕಾಗ್ತದ, ನನ್ನ ಕೈಯಾಗ ಏನೂ ಇಲ್ಲ."

ಮುನಿಆಂಜಿನಪ್ಪ ಹೂಂ ಎಂದು ಬಂದ. ಆದರೆ ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕಿದ. ಕೋಚ್ ಕೆಲಸ ಹೋದಾಗ ಕಳೆದದ್ದು ಅವನೊಬ್ಬನದು. ಈ ಮೈಕು ಹೋದರೆ ಖುದ್ದೂಸ್ ಮತ್ತೆ ಕಟ್ಟೆ ಹಿಡಿಯುತ್ತಾನೆ. ಹಾಗಾದರೂ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಬಹುದಲ್ಲ ಎನ್ನಬೇಡಿ. ಟ್ರಾನ್ಸಿಸ್ಟರ್ ಬಂದ ಮೇಲೆ ಖುದ್ದೂಸ್ ಯಾರ ಕೈಯನ್ನೂ ಹಿಡಿಯದೆ, ಕೋಲು ತಟ್ಟಿಕೊಂಡು, ಮತ್ತಿಕೆರೆಯಿಂದ ಮೈದಾನಕ್ಕೆ ಒಬ್ಬನೇ ಬರುವುದನ್ನು ಕಲಿತಿದ್ದ. ಬಂದವನು ಎಲ್ಲರ ಹಾಗೆ ಒಬ್ಬ ಪ್ರೇಕ್ಷಕ. ಯಾರ ಮೇಲೂ ಹೊರೆಯಲ್ಲ. ಆ ಘನತೆಯನ್ನು ಅವನಿಂದ ಕಸಿದುಕೊಳ್ಳುವ ಮನಸ್ಸು ಮುನಿಆಂಜಿನಪ್ಪನಿಗೆ ಇರಲಿಲ್ಲ.

ಮರುವರ್ಷ ಕಾರ್ಖಾನೆಗಳ ರಾಜ್ಯಮಟ್ಟದ ಷೀಲ್ಡಿನ ಫೈನಲ್ ಅದೇ ಯಶವಂತಪುರದ ಮೈದಾನಕ್ಕೆ ಬಂತು. ಒಂದು ಕಡೆ ಬೇರಿಂಗ್ ಕಾರ್ಖಾನೆ, ಇನ್ನೊಂದು ಕಡೆ ಹಿಂದಿನ ವರ್ಷ ದೂರು ಕೊಟ್ಟ ಅದೇ ಪೇಂಟ್ ಕಾರ್ಖಾನೆ. ಪೇಂಟಿನವರ ಮ್ಯಾನೇಜರ್ ಪಂದ್ಯಕ್ಕೆ ಮುಂಚೆಯೇ ರೇಡಿಯೋದ ವ್ಯಾನಿನ ಹತ್ತಿರ ಬಂದು, ಇವತ್ತಿನದನ್ನು ಟೇಪು ಮಾಡುತ್ತೀರಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡು ಹೋದರು. ಬೇರಿಂಗ್ ತಂಡದ ಗೋಲಿನಲ್ಲಿದ್ದವನು ಗದಗದ ಕಡೆಯ ಚನ್ನಪ್ಪ. ಕಣ್ಣು ಪೂರ್ತಿ ಹೋಗುವ ಮೊದಲು ಖುದ್ದೂಸ್ ಕೊನೆಯದಾಗಿ ಗೋಲ್‌ಕೀಪಿಂಗ್ ಕಲಿಸಿದ್ದು ಇವನಿಗೇ. ದ್ವಿತೀಯಾರ್ಧದಲ್ಲಿ ಅವನು ಕಾಯಬೇಕಾಗಿದ್ದ ಗೋಲಿನ ಹಿಂದೆ, ತನ್ನ ಮಾಮೂಲಿ ಜಾಗದಲ್ಲಿ, ಖುದ್ದೂಸ್ ಕೂತಿದ್ದ.

ಕಬ್ಬಿಣದ ಕಂಬಗಳ ಮೇಲೆ ಹಲಗೆ ಹಾಸಿ ತಗಡು ಹೊದೆಸಿದ ಅಟ್ಟವೇ ರೇಡಿಯೋದವರ ಪೀಠ. ಮುನಿಆಂಜಿನಪ್ಪ ಮೈಕಿನ ಮುಂದೆ, ಅವನ ಬಗಲಿಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಮಹಾಲಿಂಗಪ್ಪ. ಆವತ್ತು ಅವನು ಬಹಳ ಜೋಪಾನವಾಗಿ ಮಾತಾಡಿದ. ಚೆಂಡು ಎಲ್ಲಿದೆ, ಯಾರ ಹತ್ತಿರ ಇದೆ, ಯಾರು ಬಿದ್ದರು, ಯಾರು ಎದ್ದರು. ಒಂದೊಂದು ತಂಡಕ್ಕೆ ಒಂದೊಂದು ಗೋಲು. ಆಟ ಮುಗಿಯುವ ಹೊತ್ತಾಗಿತ್ತು. ಹಳಿಯ ಮೇಲೆ ಗೂಡ್ಸ್ ರೈಲೊಂದು ನಿಂತಿತ್ತು, ಅದರ ಗಾರ್ಡ್ ಕೂಡ ಇಳಿದು ಬೇಲಿಗೆ ಒರಗಿ ನೋಡುತ್ತಿದ್ದ.

ಪೇಂಟಿನವರು ಎಡದಂಚಿನಲ್ಲಿ ಚೆಂಡು ಹಿಡಿದು ಆಟವಾಡಿಸುತ್ತಿದ್ದರು. ಬೇರಿಂಗಿನವರೆಲ್ಲ ಅತ್ತಲೇ ವಾಲಿದರು. ಆಗ ಮುನಿಆಂಜಿನಪ್ಪನಿಗೆ ಬೇರೆ ಯಾರಿಗೂ ಕಾಣದ್ದು ಕಂಡಿತು. ಮೈದಾನದ ಇನ್ನೊಂದು ಮಗ್ಗುಲಲ್ಲಿ ಪೇಂಟಿನವರ ಉದ್ದಕಾಲಿನವನೊಬ್ಬ ಸುಸ್ತಾದವನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸುಸ್ತಾದವನು ಹಿಮ್ಮಡಿ ಊರಿ ನಿಲ್ಲುತ್ತಾನೆ. ಇವನು ಬೆರಳ ಮೇಲೆ ನಿಂತಿದ್ದ. ಬೇರಿಂಗಿನ ಸೆಂಟರ್ ಹಾಫ್ ಅವನಿಗೆ ಬೆನ್ನು ಕೊಟ್ಟು ಚೆಂಡನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷ ಕೂಗಿದ ಮಾತು, 'ಇಂದೆ ನೋಡೋ', ಮುನಿಆಂಜಿನಪ್ಪನ ನಾಲಿಗೆಯ ತುದಿಗೆ ಬಂತು. ಆ ಒಂದು ಮಾತು ಮೈಕಿಗೆ ಬಿದ್ದರೆ ಅಷ್ಟೂ ಟ್ರಾನ್ಸಿಸ್ಟರುಗಳು ಅದನ್ನು ಹುಡುಗನ ಕಿವಿಗೆ ಮುಟ್ಟಿಸುತ್ತವೆ. ಬಿದ್ದರೆ ಮೈಕು ಹೋಯಿತು, ಖುದ್ದೂಸ್ ಕಟ್ಟೆಗೆ ಹೋದ.

ಅವನು ತುಟಿ ಕಚ್ಚಿದ. ಮಾತು ನುಂಗಿದ. ನುಂಗಿದ ಮಾತಿನ ಹಿಂದೆಯೇ ಮಿಕ್ಕ ಮಾತುಗಳೂ ಹೊರಟುಹೋದವು. ಚೆಂಡು ಎಲ್ಲಿದೆ ಎಂದು ಹೇಳಲೂ ಬಾಯಿ ಬರಲಿಲ್ಲ. ಉದ್ದಕಾಲಿನವನು ಓಟ ಕಿತ್ತ. ಎಡದಂಚಿನಿಂದ ಚೆಂಡು ಎಲ್ಲರ ತಲೆಯ ಮೇಲೆ ಹಾರಿತು. ಮಹಾಲಿಂಗಪ್ಪ ಗಾಬರಿಯಿಂದ, ಮಾತಾಡಿ ಮಾತಾಡಿ ಎಂದು ಕೈಸನ್ನೆ ಮಾಡುತ್ತಿದ್ದರು. ಮೈದಾನದ ಸುತ್ತ ಟ್ರಾನ್ಸಿಸ್ಟರುಗಳೆಲ್ಲ ಒಟ್ಟಿಗೆ ಮೂಕವಾದವು.

ಆ ಮೌನದಲ್ಲಿ ಗೋಲಿನ ಹಿಂದಿನಿಂದ ಒಂದು ದನಿ ಎದ್ದಿತು. ಯಾವತ್ತೂ ಕೂಗದವನ ದನಿ.

"ಚನ್ನಾ, ಬಿಡು ಗೆರೆ. ಮುಂದಕ್ಕೆ ಬೀಳು."

ಚನ್ನಪ್ಪನಿಗೆ ಅದು ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಗೆರೆ ಬಿಟ್ಟು ನುಗ್ಗಿದ, ಉದ್ದಕಾಲಿನವನು ಕಾಲು ಬೀಸುವುದಕ್ಕೂ ಚನ್ನಪ್ಪ ಆ ಕಾಲಿಗೆ ಮೈಯೊಡ್ಡುವುದಕ್ಕೂ ಸರಿಹೋಯಿತು. ಚೆಂಡು ಅವನ ಎದೆಗೆ ಬಡಿದು ಹೊರಗೆ ಹೋಯಿತು. ಆಗ ಮುನಿಆಂಜಿನಪ್ಪನ ಬಾಯಿ ಬಂತು. "ಗೋಲ್‌ಕೀಪರ್ ಚನ್ನಪ್ಪ ಮುಂದೆ ಬಂದು ತಡೆದಿದ್ದಾರೆ" ಎಂದ. ಆಗಿದ್ದನ್ನೇ ಹೇಳಿದ.

ಪಂದ್ಯ ಸಮನಾಗಿ ಮುಗಿಯಿತು. ಷೀಲ್ಡನ್ನು ಎರಡೂ ಕಾರ್ಖಾನೆಗಳು ಆರಾರು ತಿಂಗಳು ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿ, ಮೊದಲ ಸರದಿಗೆ ನಾಣ್ಯ ಚಿಮ್ಮಿದರು. ಪೇಂಟಿನವರು ಗೆದ್ದರು. ಷೀಲ್ಡು ಕಂಕುಳಲ್ಲಿದ್ದರೂ ಅವರ ಮ್ಯಾನೇಜರ್ ನೆಟ್ಟಗೆ ವ್ಯಾನಿನ ಹತ್ತಿರ ಬಂದರು. ಗೋಲ್‌ಕೀಪರಿಗೆ ಯಾರೋ ಹೇಳಿಕೊಟ್ಟಿದ್ದಾರೆ, ಟೇಪು ಹಾಕಿ ಎಂದರು. ಮಹಾಲಿಂಗಪ್ಪ ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಹಾಕಿದರು. ಎಡದಂಚಿನಲ್ಲಿ ಚೆಂಡಿದೆ ಎಂದಿತು ಟೇಪು, ಆಮೇಲೆ ಜನರ ಗದ್ದಲ, ಆಮೇಲೆ ಗೋಲ್‌ಕೀಪರ್ ತಡೆದಿದ್ದಾರೆ ಎಂದಿತು. ಮ್ಯಾನೇಜರ್ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಹುಲ್ಲಿನ ಮೇಲೆ ಕೂತ ಪ್ರೇಕ್ಷಕ ಕೂಗಿದ್ದಕ್ಕೆ ಯಾವ ಕಾಯಿದೆಯಲ್ಲೂ ತಪ್ಪಿಲ್ಲ. ಷೀಲ್ಡನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಹೋದರು.

"ಅಲ್ರಿ, ಯಾಕ ಸುಮ್ಮನಾದ್ರಿ?" ಎಂದು ಕೇಳಿದರು ಮಹಾಲಿಂಗಪ್ಪ.

"ಆಗ್ಬೇಕಾದ್ದು ಹೇಳಬ್ಯಾಡ ಅಂದಿದ್ರಲ್ಲ ಸಾರ್. ಬಾಯಿಗೆ ಬೇರೇನೂ ಬರ್ಲಿಲ್ಲ."

ಮಹಾಲಿಂಗಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ರೇಡಿಯೋದಾಗ ಹಂಗ ಸುಮ್ಮನಾಗಬಾರದ್ರಿ, ಕೇಳೋರು ಸೆಟ್ಟು ಕೆಟ್ಟೈತಿ ಅಂತ ಬಡೀತಾರ. ಇರ್ಲಿ. ಬರೋ ತಿಂಗಳು ಮೈಸೂರಿನವರ ಪಂದ್ಯ ಐತಿ, ಲಗೂನ ಬರ್ರಿ" ಎಂದರು. ಮೈಕು ಉಳಿಯಿತು.

ಮೈದಾನ ಖಾಲಿಯಾಗಿತ್ತು. ಖುದ್ದೂಸ್ ಗೋಲಿನ ಹಿಂದೆ ಇನ್ನೂ ಕೂತೇ ಇದ್ದ. ಟ್ರಾನ್ಸಿಸ್ಟರ್ ಆರಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಮುನಿಆಂಜಿನಪ್ಪನ ಕುಂಟುನಡಿಗೆಯ ಸದ್ದು ಗುರುತಿಸಿ ಪಕ್ಕದ ಹುಲ್ಲನ್ನು ಕೈಯಿಂದ ತಟ್ಟಿದ. ಮುನಿಆಂಜಿನಪ್ಪ ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ.

"ನಿಂಗೆಂಗೆ ಗೊತ್ತಾಯ್ತೋ?" ಎಂದು ಕೇಳಿದ.

ಇಷ್ಟು ವರ್ಷ ಮುಚ್ಚಿಟ್ಟ ಗುಟ್ಟನ್ನು ಖುದ್ದೂಸ್ ಆಗ ಹೇಳಿದ. "ನೀನು ಸುಮ್ನಾದೆ ಅಂದ್ರೆ ಯಾವನೋ ನಿನ್ನ ದಾಟ್ದ ಅಂತ. ಮೊದ್ಲಿಂದ್ಲೂ ಅಷ್ಟೇ. ಅದನ್ನ ಕೇಳ್ಕೊಂಡೇ ನಾನು ಮುಂದಕ್ಕೆ ಬೀಳ್ತಿದ್ದೆ. ಎಲ್ರೂ ನಂಗೆ ಕಣ್ಣು ಚುರುಕು ಅಂತಿದ್ರು. ಕಣ್ಣಲ್ಲ ಕಣೋ, ನಿನ್ನ ಬಾಯಿ."

ಹಾಗಾದರೆ ತಾನು ಸುಮ್ಮನಿದ್ದೇ ಹೇಳಿಕೊಟ್ಟಂತಾಯಿತೇ, ಮಹಾಲಿಂಗಪ್ಪನವರಿಗೆ ಕೊಟ್ಟ ಮಾತು ಉಳಿಯಿತೇ ಹೋಯಿತೇ ಎಂದು ಮುನಿಆಂಜಿನಪ್ಪ ಒಂದು ಗಳಿಗೆ ಯೋಚಿಸಿದ. ಬಗೆಹರಿಯಲಿಲ್ಲ. ಗೂಡ್ಸ್ ರೈಲು ಸಿಳ್ಳೆ ಹಾಕಿ ಹೊರಟಿತು. ಅದು ಪೂರ್ತಿ ದಾಟಿ ಹೋಗುವವರೆಗೂ ಇಬ್ಬರೂ ಕೂತಿದ್ದರು.

ಖುದ್ದೂಸ್ ಕೋಲಿಗಾಗಿ ತಡಕಾಡಿ, ಎದ್ದು ನಿಂತು, ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡ. ಆಡಿ ಮುಗಿಸಿದ ದಿನಗಳಲ್ಲಿ ಕೊಡವಿಕೊಳ್ಳುತ್ತಿದ್ದನಲ್ಲ, ಥೇಟ್ ಹಾಗೇ.

"ಆಂಜಿ" ಎಂದ. "ಇವತ್ತು ನಾನೂ ಆಡ್ದೆ ಕಣೋ."

ಮುನಿಆಂಜಿನಪ್ಪ ಮಾತಾಡಲಿಲ್ಲ. ಅವನು ಅಳುತ್ತಿದ್ದಾನೆಂದು ಖುದ್ದೂಸನಿಗೆ ಗೊತ್ತಾಯಿತು. ಗೊತ್ತಾದರೂ ಏನೂ ಅನ್ನದೆ, ಅವನ ಹೆಗಲ ಮೇಲೆ ಕೈಯಿಟ್ಟು, ಮತ್ತಿಕೆರೆಯ ದಾರಿಯತ್ತ ತಾನೇ ಮುಂದಾಗಿ ಹೆಜ್ಜೆ ಹಾಕಿದ.